ಉಳ್ಳಾಲದ ಹೊಯಿಗೆ, ಪಡ್ರೆಯ ನೀರು

ಐದು ವರ್ಷಕ್ಕೊಮ್ಮೆ ನಡೆಯುವ ಉಳ್ಳಾಲ ಉರೂಸಿಗೆ ಹೋಗದ ಬ್ಯಾರಿ ಮನೆ ಕಡಿಮೆ. ದರ್ಗಾದಲ್ಲಿ ಸಲಾಂ ಹೇಳಿ, ಮಕ್ಕಳ ಹಟಕ್ಕೆ ಸಮುದ್ರದ ಬದಿಗೂ ಹೋಗಿ, ಹೊಯಿಗೆಯಲ್ಲಿ ಕೂತು ಚರುಮುರಿ ತಿಂದು ಬಂದವರೇ ನಾವೆಲ್ಲ. ಆ ಹೊಯಿಗೆಯಲ್ಲಿ ಅಲ್ಲಲ್ಲಿ ಕಪ್ಪು ಪಟ್ಟೆ ಕಾಣುತ್ತದೆ. ಮಕ್ಕಳು ಅದನ್ನು ಕೊಳೆ ಅಂದುಕೊಳ್ಳುತ್ತಾರೆ. ಆದರೆ ಅದೇ ಪಟ್ಟೆಯ ಮೇಲೆ ಹತ್ತು ಕಿಲೋಮೀಟರ್ ಆಚೆಗಿನ ಕೊಣಾಜೆ ಗುಡ್ಡೆಯ ಭೌತಶಾಸ್ತ್ರದ ಮೇಷ್ಟ್ರುಗಳು ಒಂದು ಇಡೀ ಸಂಶೋಧನಾ ಪರಂಪರೆಯನ್ನೇ ಕಟ್ಟಿದ್ದಾರೆ. ಈ ಸಂಗತಿ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಾಗಬೇಕು ಅಂತಲೇ ಬರೆಯುತ್ತಿದ್ದೇನೆ. ಯಾಕೆಂದರೆ ಈಗ ನಮ್ಮ ಮನೆಯೊಳಗೇ ಒಂದು ಪಿಎಚ್‌.ಡಿ. ಅರ್ಧದಲ್ಲಿ ನಿಂತಿದೆ, ಅದು ನಿಂತ ಕಾರಣ ಬುದ್ಧಿಯ ಕೊರತೆ ಅಲ್ಲ.

ಮೊದಲು ಹೊಯಿಗೆಯ ಕಥೆ. ಕೊಣಾಜೆಯಲ್ಲಿ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಶುರುವಾಯಿತು. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಊರಿನ ದೃಷ್ಟಿಯಲ್ಲಿ ಬರೀ ಮುರಕಲ್ಲಿನ ಗುಡ್ಡೆ. ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿದ್ದ ಯಂತ್ರ ಇಲ್ಲಿರಲಿಲ್ಲ, ಹಣವೂ ಇರಲಿಲ್ಲ. ಇದ್ದದ್ದು ಕಾಲಬುಡದಲ್ಲೇ ಒಂದು ಪ್ರಶ್ನೆ: ನಮ್ಮ ಕರಾವಳಿಯ ಮಣ್ಣು, ಕಲ್ಲು, ಹೊಯಿಗೆಯಲ್ಲಿ ಸಹಜವಾಗಿ ಎಷ್ಟು ವಿಕಿರಣ ಇದೆ? ಅವರು ಅಳೆಯುತ್ತಾ ಹೋದರು. ಉಳ್ಳಾಲದ ತೀರದ ಕೆಲವು ತುಂಡುಗಳಲ್ಲಿ ಅದು ಸಾಮಾನ್ಯಕ್ಕಿಂತ ಹೆಚ್ಚಿತ್ತು. ಕಾರಣ ಆ ಹೊಯಿಗೆಯಲ್ಲಿ ಸೇರಿಕೊಂಡ ಮೊನಜೈಟ್ ಎಂಬ ಖನಿಜ, ಅದರೊಳಗಿನ ಥೋರಿಯಂ. ಕೇರಳದ ಚವರದಲ್ಲಿ ಇರುವಂಥದ್ದೇ, ಆದರೆ ಸಣ್ಣ ಜಾಗದಲ್ಲಿ. 1993ರಲ್ಲಿ ಈ ಶೋಧ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. (ಹೆದರಬೇಡಿ. ಉರೂಸಿಗೆ ಹೋಗಿ ಒಂದು ಸಂಜೆ ಕೂತು ಬಂದವರಿಗೆ ಏನೂ ಆಗುವುದಿಲ್ಲ.)

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮುಂದೆ ಆದದ್ದು. ಹೊಯಿಗೆ, ಮಣ್ಣು ಅಳೆಯಲು ಕಲಿತ ಕೈಗೆ ಅಣುಶಕ್ತಿ ಇಲಾಖೆ ಕೆಲಸ ಕೊಟ್ಟಿತು. ಉತ್ತರ ಕನ್ನಡದ ಕೈಗಾದಲ್ಲಿ ಅಣುಸ್ಥಾವರ ಬರುವುದಿತ್ತು. ಅದು ಚಾಲೂ ಆಗುವ ಮೊದಲೇ ಅಲ್ಲಿನ ಮಣ್ಣಿನಲ್ಲಿ, ನೀರಿನಲ್ಲಿ, ಗಿಡಮರಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆದಿಡುವ ಕೆಲಸವನ್ನು ಕೊಣಾಜೆಯ ತಂಡ ಮಾಡಿತು. ಆ ಯೋಜನೆಯ ಹಣದಿಂದ ಉಪಕರಣ ಬಂತು, ಉಪಕರಣ ನೋಡಿ ವಿದ್ಯಾರ್ಥಿಗಳು ಬಂದರು, ಆ ವಿದ್ಯಾರ್ಥಿಗಳೇ ಮುಂದೆ ಮೇಷ್ಟ್ರುಗಳಾದರು. ಇಂದೋರಿನ ಸಂಸ್ಥೆ ತಯಾರಿಸಿದ ಮೈಕ್ರೋಟ್ರಾನ್ ಎಂಬ ವೇಗವರ್ಧಕ ಯಂತ್ರ ಕೊಣಾಜೆಗೆ ಬಂತು. ಪರಿಸರ ವಿಕಿರಣದ ಅಧ್ಯಯನಕ್ಕೇ ಒಂದು ಪ್ರತ್ಯೇಕ ಕೇಂದ್ರವಾಯಿತು. ಇದು ಒಂದು ವರ್ಷದ ಬಜೆಟ್‌ನಲ್ಲಿ ಘೋಷಣೆಯಾಗಿ ಆದದ್ದಲ್ಲ. ಒಂದೇ ಪ್ರಶ್ನೆಯನ್ನು ಕಚ್ಚಿಕೊಂಡು ಮೂರು ದಶಕ ಕುಳಿತವರು ಇದ್ದರು, ಅವರಿಗೆ ಸಣ್ಣ ಸಣ್ಣ ಗಂಟಾಗಿ ಹಣ ಬರುತ್ತಾ ಇತ್ತು.

ಈಗ ಕೊಣಾಜೆಯಿಂದ ಗಡಿ ದಾಟಿ ನಮ್ಮ ಕಾಸರಗೋಡಿನ ಕಡೆಗೆ ಬನ್ನಿ. ಎಣ್ಮಕಜೆ ಪಂಚಾಯತಿನ ಪಡ್ರೆ ಕೊಣಾಜೆಯಿಂದ ಐವತ್ತು ಕಿಲೋಮೀಟರ್ ಒಳಗೇ ಇದೆ. ಅಲ್ಲಿನ ಗುಡ್ಡೆಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರು ತೋಟ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡೆಯಿಂದ ಇಳಿಯುವ ಸುರಂಗದ ನೀರು, ತೋಡಿನ ನೀರು ಕುಡಿಯುವ ಜನ ಕೆಳಗಿದ್ದರು. ವಿಕಾರವಾಗಿ ಹುಟ್ಟಿದ ಕರುಗಳ ಬಗ್ಗೆ ಮೊದಲು ಬರೆದವರು ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀಪಡ್ರೆ. ಮನೆಮನೆಯಲ್ಲಿ ಕಾಣುವ ಕಾಯಿಲೆಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡವರು ಊರಿನ ಡಾಕ್ಟರ್ ವೈ.ಎಸ್. ಮೋಹನ ಕುಮಾರ್. ಅವರಿಬ್ಬರೂ ವಿಶ್ವವಿದ್ಯಾನಿಲಯದವರಲ್ಲ. ಅವರ ಹಿಂದೆ ಲ್ಯಾಬ್ ಇರಲಿಲ್ಲ, ಪ್ರಾಜೆಕ್ಟ್ ಇರಲಿಲ್ಲ.

ಕೊನೆಗೆ 2001ರಲ್ಲಿ ಅಹಮದಾಬಾದಿನಿಂದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬರಬೇಕಾಯಿತು. ಸಿಂಪಡಿಸುವುದಕ್ಕೆ ಮೊದಲು ಊರಿನ ನೀರು ಹೇಗಿತ್ತು, ಮಕ್ಕಳು ಹೇಗಿದ್ದರು ಎಂಬುದಕ್ಕೆ ಅವರ ಕೈಗೆ ಸಿಗುವಂಥ ಲೆಕ್ಕ ಎಲ್ಲಿಯೂ ಇರಲಿಲ್ಲ. ಹಾಗಾಗಿ ಹೋಲಿಕೆಗೆ ಅವರು ಸ್ವಲ್ಪ ದೂರದ ಮೀಂಜ ಪಂಚಾಯತನ್ನು ಹಿಡಿದರು. ಪಡ್ರೆಯ 117 ಗಂಡು ಮಕ್ಕಳು, ಮೀಂಜದ ಕಡೆಯ 90 ಮಕ್ಕಳು. ಪಡ್ರೆಯ ಮಕ್ಕಳ ಪ್ರಾಯಕ್ಕೆ ತಕ್ಕ ಬೆಳವಣಿಗೆ ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿದರು. ಆ ಮೇಲೆ ವರ್ಷಗಟ್ಟಲೆ ವಾದ. ಕಂಪನಿಯ ಪರ ಮಾತಾಡುವವರು ಹಿಡಿದದ್ದು ಇದನ್ನೇ: ಮೊದಲೂ ಹೀಗೇ ಇದ್ದಿರಬಹುದಲ್ಲ, ಎರಡು ಊರಿನ ವ್ಯತ್ಯಾಸಕ್ಕೆ ಬೇರೆ ಕಾರಣ ಇರಬಹುದಲ್ಲ? ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಐದು ಲಕ್ಷ ಪರಿಹಾರದ ಆದೇಶ 2017ರಲ್ಲಿ. ಅಷ್ಟರಲ್ಲಿ ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮಕ್ಕಳಾಗಿದ್ದರು.

ಕೈಗಾದಲ್ಲಿ ಮೊದಲೇ ಅಳೆದಿಟ್ಟ ಲೆಕ್ಕವಿದೆ, ಪಡ್ರೆಯಲ್ಲಿ ಇರಲಿಲ್ಲ. ವಿಶ್ವವಿದ್ಯಾನಿಲಯದ ಸಂಶೋಧನಾ ಸಾಮರ್ಥ್ಯ ಎಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ರ‍್ಯಾಂಕಿಂಗ್ ಪಟ್ಟಿ ತೋರಿಸುವುದಿಲ್ಲ, ಈ ಎರಡು ಹೆಸರು ಹೇಳುತ್ತೇನೆ. ಕೈಗಾದಲ್ಲಿ ಅಳೆಯಿರಿ ಎಂದು ಹಣ ಕೊಡುವ ಇಲಾಖೆ ಇತ್ತು. ಪಡ್ರೆಯ ಬಡ ಕೂಲಿಗಳ ಬಾವಿ ಅಳೆಯಿರಿ ಎನ್ನುವ ಇಲಾಖೆ ಇರಲಿಲ್ಲ. ನಡುವೆ ರಾಜ್ಯದ ಗಡಿ ಬೇರೆ. ಮಂಗಳೂರಿನ ಆಸ್ಪತ್ರೆ ನಮಗೆ ಗಡಿ ನೋಡದೆ ಬಾಗಿಲು ತೆರೆಯುತ್ತದೆ, ಸಂಶೋಧನೆಯ ಹಣ ತಲಪಾಡಿ ಚೆಕ್‌ಪೋಸ್ಟಿನಲ್ಲಿ ನಿಂತು ಬಿಡುತ್ತದೆ.

ಕಾಸರಗೋಡಿಗೆ ಸಂಶೋಧನೆ ಹೊಸದೇನಲ್ಲ. 1916ರಲ್ಲಿ, ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದಾಗಲೇ, ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಬಂದಿತ್ತು. ಈಗಿನ ಸಿ.ಪಿ.ಸಿ.ಆರ್‌.ಐ. ಅದರ ಮುಂದುವರಿಕೆ. ಎತ್ತರದ ತಳಿ ಮತ್ತು ಗಿಡ್ಡ ತಳಿ ಸೇರಿಸಿದ ಹೈಬ್ರಿಡ್ ತೆಂಗು 1932ರಲ್ಲಿ ನೀಲೇಶ್ವರದಲ್ಲಿ ಆದದ್ದು. ತೆಂಗು ಅಡಕೆ ವ್ಯಾಪಾರ ಮಾಡಿ ಮನೆ ಕಟ್ಟಿದ ನಮ್ಮ ಎಷ್ಟೋ ಕುಟುಂಬಗಳು ತಿಳಿಯದೆಯೇ ಆ ಸಂಶೋಧನೆಯ ಅನ್ನ ಉಂಡಿವೆ. ತೆಂಗಿಗೆ ನೂರು ವರ್ಷದಿಂದ ಲ್ಯಾಬ್ ಇದೆ. ಕುಡಿಯುವ ನೀರಿಗೆ, ಮಕ್ಕಳ ಆರೋಗ್ಯಕ್ಕೆ ಅಂಥದ್ದು ಇರಲಿಲ್ಲ. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯ ಬಂತು, ಈಗ ಪೆರಿಯದಲ್ಲಿದೆ. ಎಂಡೋಸಲ್ಫಾನ್ ಬಾಧಿತ 11 ಪಂಚಾಯತುಗಳ ಪಟ್ಟಿಯಲ್ಲಿ ಪುಲ್ಲೂರು-ಪೆರಿಯವೂ ಒಂದು ಎಂಬುದನ್ನು ನೆನಪಿಟ್ಟುಕೊಂಡು ಆ ಕಟ್ಟಡಗಳನ್ನು ನೋಡಬೇಕು.

ಇನ್ನು ಮನೆಯ ವಿಷಯ. ನನ್ನ ತಂಗಿಯ ಮಗಳು ರಸಾಯನಶಾಸ್ತ್ರ ಎಂ.ಎಸ್ಸಿ. ಮುಗಿಸಿ ಒಂದು ವಿಶ್ವವಿದ್ಯಾನಿಲಯದಲ್ಲಿ ಪಿಎಚ್‌.ಡಿ.ಗೆ ಸೇರಿದಳು. ಯಾವುದು ಎಂದು ಬರೆಯುವುದಿಲ್ಲ, ಎಲ್ಲ ಕಡೆಯ ಕಥೆಯೂ ಹೆಚ್ಚುಕಡಿಮೆ ಇದೇ. ಅವಳ ವಿಷಯ ನಮ್ಮ ಗಡಿಭಾಗದ ಬಾವಿ ನೀರು: ಹಳೆಯ ಕೀಟನಾಶಕದ ಶೇಷ ಉಳಿದಿದೆಯೇ, ಹೊಸದು ಏನು ಸೇರುತ್ತಿದೆ. 60 ಬಾವಿ ಆರಿಸಿದಳು. ಮಳೆಗೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಅಂದರೆ ವರ್ಷಕ್ಕೆ 120 ಬಾಟಲಿ. ನೀರು ತೆಗೆಯಲು ನನ್ನ ಸ್ಕೂಟರಿನಲ್ಲೇ ಹೋದದ್ದು. ಮನೆಯ ಹೆಂಗಸರು ಮೊದಲು "ಯಾಕೆ ಮಗಳೇ, ನಮ್ಮ ನೀರು ಹಾಳಾಗಿದೆಯಾ?" ಎಂದು ಹೆದರಿ, ಆಮೇಲೆ ಚಹಾ ಕೊಟ್ಟು ಕಳಿಸುತ್ತಿದ್ದರು.

ಅವಳ ವಿಭಾಗದಲ್ಲಿ ಆ ನೀರು ಪರೀಕ್ಷಿಸುವ ಯಂತ್ರ ಇದೆ, ಗ್ಯಾಸ್ ಕ್ರೊಮಾಟೊಗ್ರಾಫ್. ಯಾವುದೋ ಪ್ರಾಜೆಕ್ಟಿನಲ್ಲಿ ತಂದದ್ದು. ಪ್ರಾಜೆಕ್ಟು ಮೂರು ವರ್ಷಕ್ಕೆ ಮುಗಿಯಿತು. ವಾರ್ಷಿಕ ನಿರ್ವಹಣೆಗೆ ಬೇರೆ ಹಣ ಇಲ್ಲ. ಗುತ್ತಿಗೆಯಲ್ಲಿದ್ದ ಟೆಕ್ನಿಶಿಯನ್ ಹುಡುಗ ದುಬೈಗೆ ಹೋದ. ಯಂತ್ರದ ಮೇಲೆ ಈಗ ಬಟ್ಟೆ ಹೊದಿಸಿಟ್ಟಿದ್ದಾರೆ, ನ್ಯಾಕ್ ತಂಡ ಬರುವ ದಿನ ತೆಗೆಯುತ್ತಾರಂತೆ. ಹಾಗಾಗಿ ಬಾಟಲಿಗಳು ಐಸ್ ಡಬ್ಬಿಯಲ್ಲಿ ಬೆಂಗಳೂರಿನ ಖಾಸಗಿ ಲ್ಯಾಬಿಗೆ ಹೋಗಬೇಕು. ಒಂದೊಂದು ಬಾಟಲಿಗೂ ಸಾವಿರಗಟ್ಟಲೆ. 60 ಬಾವಿ ಈಗ 22 ಆಗಿದೆ. "ಮಾಮ, 22ರಲ್ಲಿ ಏನೂ ಸಿಗದಿದ್ದರೆ ನೀರು ಒಳ್ಳೆಯದಿದೆ ಅಂತ ಬರೆಯಲಿಕ್ಕೆ ನನಗೆ ಧೈರ್ಯ ಬರುವುದಿಲ್ಲ" ಎಂದಳು. ಬಿಟ್ಟ 38 ಬಾವಿಗಳಲ್ಲಿ ಹೆಚ್ಚಿನವು ತೋಟದ ಕೆಳಗಿನವು, ಹೋಗಲು ದೂರ, ಖರ್ಚು ಜಾಸ್ತಿ.

ಅವಳ ಸ್ವಂತ ಖರ್ಚಿನ ಲೆಕ್ಕವೂ ಹೇಳಿಬಿಡುತ್ತೇನೆ. ನೆಟ್ ಪರೀಕ್ಷೆಯಲ್ಲಿ ಜೆ.ಆರ್‌.ಎಫ್. ಸಿಕ್ಕಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಸ್ವಲ್ಪ ಅಂಕದಲ್ಲಿ ತಪ್ಪಿದವರಿಗೆ ಅದರ ಹತ್ತಿರಕ್ಕೂ ಬಾರದ ಮೊತ್ತ, ಅದೂ ಎಲ್ಲ ಕಡೆ ಇಲ್ಲ. ನಡುವಿನವರಿಗೆ ಅಂತಲೇ ಅಲ್ಪಸಂಖ್ಯಾತರಿಗೆ ಮೌಲಾನಾ ಆಝಾದ್ ಫೆಲೋಶಿಪ್ ಇತ್ತು, 2009ರಿಂದ. 2022ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದ್ದೇವೆ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಇವಳು ಸೇರಿದ್ದು ಆಮೇಲೆ. ಕರ್ನಾಟಕದ ಅಲ್ಪಸಂಖ್ಯಾತ ಇಲಾಖೆಯ ಸವಲತ್ತಿಗೆ ನಮ್ಮ ಕೇರಳದ ರೇಷನ್ ಕಾರ್ಡು ನಡೆಯುವುದಿಲ್ಲ. ಸಂಜೆ ಟ್ಯೂಷನ್ ಮಾಡುತ್ತಾಳೆ. ಮದುವೆ ಯಾವಾಗ ಎಂದು ಕೇಳುವವರಿಗೆ ತಂಗಿ ಉತ್ತರ ಹೇಳಿ ಹೇಳಿ ಸುಸ್ತಾಗಿದ್ದಾಳೆ.

ಸರ್ಕಾರ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇಕಡಾ 0.64ರಷ್ಟು. ಅದರಲ್ಲೂ ದೊಡ್ಡ ಪಾಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಇಂಥ ಕೇಂದ್ರದ ಸಂಸ್ಥೆಗಳಿಗೆ. 2023ರಲ್ಲಿ ಕಾನೂನು ಮಾಡಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಟ್ಟಿದರು, ಐದು ವರ್ಷಕ್ಕೆ 50,000 ಕೋಟಿ ಎಂದರು. ಆದರೆ ಅದರ ಬಹುಪಾಲು ಖಾಸಗಿಯವರಿಂದ ಬರಬೇಕೆಂಬ ಲೆಕ್ಕ. ಖಾಸಗಿ ಕಂಪನಿ ಪಡ್ರೆಯ ಬಾವಿಗೆ ಯಾಕೆ ಹಣ ಕೊಡುತ್ತದೆ? ರಾಜ್ಯದ ವಿಶ್ವವಿದ್ಯಾನಿಲಯಗಳ ಸ್ವಂತ ವರಮಾನ ಎಂದರೆ ಬಹುಮಟ್ಟಿಗೆ ಕಾಲೇಜುಗಳಿಂದ ಬರುವ ಪರೀಕ್ಷಾ ಶುಲ್ಕ, ಸಂಯೋಜನೆ ಶುಲ್ಕ. ದೊಡ್ಡ ಕಾಲೇಜುಗಳು ಸ್ವಾಯತ್ತವಾದಂತೆ, ಕೊಡಗಿಗೆ ಬೇರೆ ವಿಶ್ವವಿದ್ಯಾನಿಲಯ ಆದಂತೆ ಕೊಣಾಜೆಯ ಆ ಬಾಗಿಲೂ ಕಿರಿದಾಯಿತು. ಹೀಗಿರುವಾಗ ಯಾರು ಯಂತ್ರದ ಬಟ್ಟೆ ತೆಗೆಯುವುದು?

ಇಲ್ಲಿ ನಮ್ಮ ಸಮುದಾಯದ ವಿಷಯಕ್ಕೆ ಬರುತ್ತೇನೆ. ಬ್ಯಾರಿಗಳು ವಿದ್ಯೆಗೆ ಹಣ ಹಾಕುವುದಿಲ್ಲ ಎಂದು ಈಗ ಯಾರೂ ಹೇಳುವ ಹಾಗಿಲ್ಲ. ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು ಕಟ್ಟಿದವರು ನಮ್ಮಲ್ಲಿದ್ದಾರೆ. ಯೆನೆಪೋಯ ಪರಿಗಣಿತ ವಿಶ್ವವಿದ್ಯಾನಿಲಯದಲ್ಲಿ ಈಗ ಒಳ್ಳೆಯ ಜೀವವಿಜ್ಞಾನ ಸಂಶೋಧನೆ ನಡೆಯುತ್ತಿದೆ, ಅದು ಹೆಮ್ಮೆಯ ಮಾತು. ಆದರೆ ಒಟ್ಟಾರೆ ನಮ್ಮ ಹಣ ಹೋದದ್ದು ಸೀಟಿಗೆ ಮತ್ತು ಕಟ್ಟಡಕ್ಕೆ. ಹೆಸರಿನ ಕಲ್ಲು ಹಾಕಲು ಗೋಡೆ ಇರುವ ಕಡೆಗೆ. ಸಂಶೋಧನೆಗೆ ಗೋಡೆ ಇಲ್ಲ, ಹತ್ತು ವರ್ಷ ಕಳೆದರೂ ತೋರಿಸಲು ಏನೂ ಇಲ್ಲದಿರಬಹುದು.

ಭಾಷೆಯ ವಿಷಯದಲ್ಲೂ ಹೀಗೆಯೇ. ಬ್ಯಾರಿ ಭಾಷೆಯನ್ನು ಭಾಷಾವಿಜ್ಞಾನದ ಕಣ್ಣಿನಿಂದ ಮೊದಲಿಗೆ ನೋಡಿದವರಲ್ಲಿ ಸುಶೀಲಾ ಉಪಾಧ್ಯಾಯರು ಒಬ್ಬರು. ಮಲಯಾಳದ ವಕಾರ ನಮ್ಮ ಬಾಯಲ್ಲಿ ಬಕಾರವಾಗುವುದು, ಳಕಾರ ಲಕಾರವಾಗುವುದು, ಇಂಥದ್ದನ್ನು ನಿಯಮವಾಗಿ ಬರೆದಿಟ್ಟದ್ದು ಬ್ಯಾರಿ ಮನೆಯಲ್ಲಿ ಹುಟ್ಟದ ಹೆಂಗಸು ಎಂಬುದು ನನಗೆ ಯಾವಾಗಲೂ ಸ್ವಲ್ಪ ನಾಚಿಕೆ, ಸ್ವಲ್ಪ ಸಂತೋಷ. ಅವರು ಮತ್ತು ಅವರ ಗಂಡ ಯು.ಪಿ. ಉಪಾಧ್ಯಾಯರು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿಗೆ ಕುಳಿತರು. ಆರನೆಯ ಸಂಪುಟ ಬಂದಾಗ 1997. ಹದಿನೆಂಟು ವರ್ಷ. ನಮಗೂ 2009ರಲ್ಲಿ ಸಾಹಿತ್ಯ ಅಕಾಡೆಮಿ ಬಂತು, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬ್ಯಾರಿ ಅಧ್ಯಯನ ಪೀಠವೂ ಬಂತು. ಆದರೆ ಯಾವ ಪೀಠವೇ ಆಗಲಿ, ವರ್ಷಕ್ಕೊಂದು ವಿಚಾರಸಂಕಿರಣದಿಂದ ಬೆಳೆಯುವುದಿಲ್ಲ. ಒಬ್ಬ ಹುಡುಗ ಅಥವಾ ಹುಡುಗಿ ಮಂಜೇಶ್ವರದಿಂದ ಕುಂದಾಪುರದ ತನಕ ನಡೆದು, ಮುದುಕಿಯರ ಎದುರು ರೆಕಾರ್ಡರ್ ಇಟ್ಟು, ಐದು ವರ್ಷ ಅದೇ ಕೆಲಸ ಮಾಡಬೇಕು. ಆ ಐದು ವರ್ಷ ಅವರು ಅನ್ನ ತಿನ್ನಬೇಕು.

ಅನ್ನದ ಮಾತು ಬಂದಾಗ ಪಳ್ಳಿ ದರ್ಸ್ ನೆನಪಾಗುತ್ತದೆ. ಓದಲು ಬಂದ ಮುತಅಲ್ಲಿಮ್‌ಗಳಿಗೆ ಊಟ ಕೊಡುತ್ತಿದ್ದದ್ದು ಊರಿನ ಮನೆಗಳು. ನಮ್ಮ ಮನೆಗೂ ಒಬ್ಬರು ಬರುತ್ತಿದ್ದರು. ಮನೆಯಲ್ಲಿ ಗಂಜಿ ಇದ್ದರೆ ಗಂಜಿ, ಮೀನು ಇದ್ದರೆ ದೊಡ್ಡ ತುಂಡು ಅವರಿಗೆ. ಅವರು ಏನು ಕಿತಾಬು ಓದುತ್ತಾರೆ, ಯಾವಾಗ ಮುಗಿಸುತ್ತಾರೆ ಎಂದು ಉಮ್ಮ ಒಂದು ದಿನವೂ ಕೇಳಿದ್ದಿಲ್ಲ. ಏಳು ವರ್ಷ, ಎಂಟು ವರ್ಷ ಓದಿದವರಿದ್ದರು. ಇದನ್ನೇ ಈಗ ಫೆಲೋಶಿಪ್ ಎನ್ನುತ್ತಾರೆ. ಬಳಕೆ ಪ್ರಮಾಣಪತ್ರ ಕೊಡದೆ ನಡೆದ ಫೆಲೋಶಿಪ್. ಮೂಲವನ್ನು ಮುಟ್ಟದೆ ಬರುವ ಆದಾಯದಿಂದ ಕೆಲಸ ನಡೆಸುವುದಕ್ಕೆ ವಿದೇಶದ ವಿಶ್ವವಿದ್ಯಾನಿಲಯಗಳಲ್ಲಿ ಎಂಡೋಮೆಂಟ್ ಎನ್ನುತ್ತಾರೆ, ನಮ್ಮ ಅಜ್ಜಂದಿರು ಅದನ್ನು ವಕ್ಫ್ ಎಂದರು.

ರಮಳಾನಿನ ನಂತರ ಈ ಪ್ರಸ್ತಾಪ ನಮ್ಮ ಜಮಾಅತಿನ ಕೆಲವರ ಮುಂದೆ ಇಟ್ಟೆ: ಹತ್ತಿರದ ವಿಶ್ವವಿದ್ಯಾನಿಲಯದಲ್ಲಿ ನಮ್ಮ ಊರಿನ ನೀರು, ನಮ್ಮ ಊರಿನ ಭಾಷೆ, ನಮ್ಮ ಊರಿನ ಕಾಯಿಲೆ ಅಧ್ಯಯನ ಮಾಡುವ ಒಬ್ಬರಿಗೆ, ಯಾವ ಜಾತಿಯವರೇ ಆಗಲಿ, ಜೆ.ಆರ್‌.ಎಫ್.ನಷ್ಟು ಹಣ. ವರ್ಷಕ್ಕೆ ನಾಲ್ಕೂವರೆ ಲಕ್ಷ. ಮೊದಲ ಪ್ರಶ್ನೆ ಝಕಾತಿನಿಂದ ಕೊಡಬಹುದೇ ಎಂದು. ಉಸ್ತಾದರು ಸ್ಪಷ್ಟವಾಗಿ ಹೇಳಿದರು: ಓದುವವರು ಬಡವರಾಗಿದ್ದರೆ ಬಡವರೆಂಬ ಲೆಕ್ಕದಲ್ಲಿ ಅವರ ಕೈಗೆ ಕೊಡಬಹುದು, ಯಂತ್ರಕ್ಕೆ, ಲ್ಯಾಬಿಗೆ ಝಕಾತ್ ಇಲ್ಲ. ಒಂದು ಕೋಟಿ ಒಟ್ಟು ಮಾಡಿ ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ನಡೆಸೋಣ ಎಂದ ಗಲ್ಫಿನ ಯುವಕನ ಮಾತು ಅಲ್ಲೇ ಬಿದ್ದುಹೋಯಿತು, ಬೀಳಬೇಕಾದದ್ದೇ. ಆಗ ಅಡಕೆ ವ್ಯಾಪಾರದ ಹಿರಿಯರೊಬ್ಬರು ಹೇಳಿದ್ದು ನನಗೆ ಹಿಡಿಸಿತು: ಪೇಟೆಯಲ್ಲಿ ಅಂಗಡಿ ಕೋಣೆ ಕಟ್ಟಿ ವಕ್ಫ್ ಮಾಡಿ, ಪಳ್ಳಿಯ ಖರ್ಚು ಹಾಗೆಯೇ ಅಲ್ಲವಾ ನಡೆಯುವುದು? ನಮ್ಮ ಪೇಟೆಯಲ್ಲಿ ಸಾಧಾರಣ ಕೋಣೆಗೆ ತಿಂಗಳಿಗೆ ಎಂಟು ಹತ್ತು ಸಾವಿರ ಬಾಡಿಗೆ. ನಾಲ್ಕು ಕೋಣೆಯ ಬಾಡಿಗೆಯಲ್ಲಿ ಒಬ್ಬ ಸಂಶೋಧಕ.

ಆದರೆ ಬಾವಿಯ ವಿಷಯಕ್ಕೆ ಬಂದಾಗ ಅದೇ ಹಿರಿಯರು ತಡೆದರು. "ನಾಳೆ ನಿಮ್ಮ ಮಗಳು ನನ್ನ ತೋಟದ ಕೆಳಗಿನ ಬಾವಿಯಲ್ಲಿ ವಿಷ ಇದೆ ಎಂದು ಬರೆದರೆ? ನಮ್ಮದೇ ಬಾಡಿಗೆಯಲ್ಲಿ ನಮ್ಮ ಮೇಲೆಯೇ?" ಕೆಲವರು ನಕ್ಕರು. ಅವರು ನಗಲಿಲ್ಲ. ಹಣ ಕೊಟ್ಟವರಿಗೆ ಫಲಿತಾಂಶದ ಮೇಲೆ ಅಧಿಕಾರ ಇಲ್ಲ, ಹಣ ನೇರ ವಿಶ್ವವಿದ್ಯಾನಿಲಯದ ಖಾತೆಗೆ ಹೋಗಬೇಕು, ಆಯ್ಕೆ ಮಾಡುವವರಲ್ಲಿ ನಾನಾಗಲಿ ನನ್ನ ಕುಟುಂಬದವರಾಗಲಿ ಇರಬಾರದು ಎಂದು ಕಾಗದದಲ್ಲಿ ಬರೆದು ತಂದಿದ್ದೆ. ನನ್ನ ತಂಗಿಯ ಮಗಳಿಗೆ ಇದರಿಂದ ಸಿಗುವುದೂ ಬೇಡ, ಕೋಣೆ ಕಟ್ಟಿ ಬಾಡಿಗೆ ಬರುವಷ್ಟರಲ್ಲಿ ಅವಳ ಅವಧಿಯೇ ಮುಗಿದಿರುತ್ತದೆ. ಅವರು ಕಾಗದ ಓದಿ ಮಡಚಿ ಜೇಬಿಗೆ ಹಾಕಿಕೊಂಡರು. ಎರಡು ವಾರ ಬಿಟ್ಟು ಅವರೇ ಫೋನು ಮಾಡಿದರು. ಅವರ ಬಾವಿ ಆ 22ರೊಳಗೆ ಇದೆಯಾ ಎಂದು ಕೇಳಿದರು. ಇಲ್ಲ, ಬಿಟ್ಟ 38ರಲ್ಲಿ ಇದೆ ಎಂದೆ. ಒಂದು ಬಾಟಲಿಯ ಪರೀಕ್ಷೆಗೆ ಎಷ್ಟಾಗುತ್ತದೆ ಎಂದು ಕೇಳಿ ಬರೆದುಕೊಂಡರು.